ಗಾಜಿನ ಕೊಳವೆಯಲ್ಲಿ ಅತ್ತೆಯ ಕಷಾಯ

ನಮ್ಮ ಅತ್ತೆ ನನ್ನನ್ನು ನಾಲ್ಕು ಜನರೆದುರು ಪರಿಚಯ ಮಾಡಿಕೊಡುವುದೇ "ನಮ್ಮನೆ ಇಲಿ ಡಾಕ್ಟರು" ಅಂತ. ಅದರಲ್ಲಿ ಸುಳ್ಳೇನೂ ಇಲ್ಲ. ನನ್ನ ಕೆಲಸ ಇಲಿಗಳ ಗರ್ಭಕೋಶದ ಜೊತೆ. ಅಂಗಾಂಶದ ಒಂದು ಪುಟ್ಟ ಪಟ್ಟಿ, ಉಗುರಿನಷ್ಟು ಉದ್ದದ್ದು, ಎರಡೂ ತುದಿಗೆ ದಾರ ಕಟ್ಟಿ, ಮೈಬಿಸಿಯ ಉಪ್ಪುನೀರು ತುಂಬಿದ ಗಾಜಿನ ಕೊಳವೆಯೊಳಗೆ ಇಳಿಬಿಡುತ್ತೇನೆ. ಕೆಳಗಿನ ದಾರ ಕೊಕ್ಕೆಗೆ, ಮೇಲಿನದ್ದು ಎಳೆತ ಅಳೆಯುವ ಯಂತ್ರಕ್ಕೆ. ಕೊಳವೆಯ ಬುಡದಿಂದ ಆಮ್ಲಜನಕದ ಗುಳ್ಳೆಗಳು ಏಳುತ್ತಿರುತ್ತವೆ. ಇಲಿ ಸತ್ತು ಎಷ್ಟೋ ಹೊತ್ತಾಗಿದ್ದರೂ ಆ ಪಟ್ಟಿಗೆ ಸುದ್ದಿ ಮುಟ್ಟಿರುವುದಿಲ್ಲ. ಅದು ತನ್ನ ಪಾಡಿಗೆ ಬಿಗಿಯಾಗುತ್ತದೆ, ಸಡಿಲವಾಗುತ್ತದೆ. ಕಂಪ್ಯೂಟರಿನ ಪರದೆಯ ಮೇಲೆ ಗೆರೆ ಏರುತ್ತದೆ, ಇಳಿಯುತ್ತದೆ. ನಾನು ಹನಿ ಹನಿಯಾಗಿ ಔಷಧ ಬಿಟ್ಟು ಗೆರೆಯನ್ನು ನೋಡುತ್ತಾ ಕೂರುತ್ತೇನೆ.

ಗಿಡಮೂಲಿಕೆಗಳಲ್ಲಿರುವ ಯಾವ ವಸ್ತು ಈ ಸ್ನಾಯುವನ್ನು ಹಿಂಡುತ್ತದೆ, ಯಾವುದು ಸಡಿಲಿಸುತ್ತದೆ ಎಂದು ಹುಡುಕುವುದು ನಮ್ಮ ವಿಭಾಗದ ಕಸುಬು. ಪಠ್ಯಪುಸ್ತಕದಲ್ಲಿ ಇದನ್ನು ಅನೈಚ್ಛಿಕ ಸ್ನಾಯು ಅನ್ನುತ್ತಾರೆ. ನಾನು ಅನ್ನುವುದು ಮಾತು ಕೇಳದ ಸ್ನಾಯು ಅಂತ. ಕೈ ಎತ್ತು ಅಂದರೆ ಕೈ ಏಳುತ್ತದೆ. ಗರ್ಭಕೋಶಕ್ಕೆ ಸುಮ್ಮನಿರು ಅಂದರೆ ಅದು ಕಿವಿಗೇ ಹಾಕಿಕೊಳ್ಳುವುದಿಲ್ಲ.

ಅತ್ತೆ ಟೈಲರು. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಕತ್ತರಿಸುವ ಮೇಜು, ಗೋಡೆಗೆ ಆನಿಸಿದ ನಿಲುಗನ್ನಡಿ. ಶಾಲೆಗಳ ಯೂನಿಫಾರ್ಮ್ ಹೊಲಿಯುತ್ತಾರೆ. ಅಳತೆ ಕೊಡಲು ಬಂದ ಹೆಣ್ಣುಮಕ್ಕಳು ಸೊಂಟ ಹಿಡಿದುಕೊಂಡು ಮುಖ ಕಿವುಚಿದರೆ ಅತ್ತೆಗೆ ಗೊತ್ತಾಗಿಬಿಡುತ್ತದೆ. ಗಿಡಮೂಲಿಕೆ ಅಂಗಡಿಯಿಂದ ತಂದ ಯಾವುದೋ ತೊಗಟೆ, ಯಾವುದೋ ಬೇರು ಸೇರಿಸಿ ಕುಟ್ಟಿದ ಕಂದು ಪುಡಿಯೊಂದು ಅವರ ಹತ್ತಿರ ಯಾವಾಗಲೂ ಇರುತ್ತದೆ. ಅದರ ಕಷಾಯ ಕುಡಿಸಿ, ಅಲ್ಲೇ ಬೆಂಚಿನ ಮೇಲೆ ಒಂದು ಗಳಿಗೆ ಮಲಗಿಸಿ ಕಳಿಸುತ್ತಾರೆ. ಹುಡುಗಿಯರು ನಗುತ್ತಾ ಹೋಗುತ್ತಾರೆ. ನಾನು ಮದುವೆಯಾಗಿ ಬಂದಾಗಿನಿಂದ ಆ ಪುಡಿಯನ್ನು ಕಂಡು ಮೂಗು ಮುರಿಯುತ್ತಿದ್ದೆ. ಅತ್ತೆಯೂ ಬಿಡುವವರಲ್ಲ.

"ನಿನ್ನ ಇಲಿಗಳಿಗೂ ಸ್ವಲ್ಪ ಹಾಕಿ ನೋಡು. ಪಾಪ, ಅವಕ್ಕೂ ನೋವಿರುತ್ತೆ" ಎಂದು ಒಂದು ದಿನ ಪೊಟ್ಟಣ ಕಟ್ಟಿ ನನ್ನ ಚೀಲಕ್ಕೆ ತುರುಕಿದರು.

ಬಿಡುವಿದ್ದ ದಿನ ಹಾಕಿಯೂ ನೋಡಿದೆ. ಮನಸ್ಸಿನಲ್ಲಿದ್ದದ್ದು ಕುಚೋದ್ಯವೇ. ಪಟ್ಟಿಯನ್ನು ಮೊದಲು ಬಿಗಿಯಾಗುವಂತೆ ಮಾಡಿ, ಕಷಾಯ ಸೋಸಿ ಹನಿ ಬಿಟ್ಟೆ. ಗೆರೆ ಮೆಲ್ಲಗೆ ಇಳಿಯಿತು. ಇನ್ನೊಂದು ಹನಿ. ಇನ್ನೂ ಇಳಿಯಿತು. ಮಗು ನಿದ್ದೆ ಹೋದ ಹಾಗೆ ಪಟ್ಟಿ ಸುಮ್ಮನಾಯಿತು. ನಮ್ಮಲ್ಲಿರುವ ಒಳ್ಳೊಳ್ಳೆ ಔಷಧಗಳೂ ಇಷ್ಟು ಚೆನ್ನಾಗಿ ಕೆಲಸ ಮಾಡಿದ್ದನ್ನು ನಾನು ನೋಡಿರಲಿಲ್ಲ. ಅಂದು ಊಟಕ್ಕೆ ಕೂತಾಗ ನಿಜ ಒಪ್ಪಿಕೊಂಡೆ.

"ಅತ್ತೆ, ನೀವು ಗೆದ್ದಿರಿ. ನಿಮ್ಮ ಪುಡಿ ಗರ್ಭಕೋಶವನ್ನ ಸಡಿಲ ಮಾಡುತ್ತೆ."

ಅತ್ತೆ ನನ್ನ ತಟ್ಟೆಗೆ ಇನ್ನೊಂದು ಸೌಟು ಬಡಿಸಿದರು. ನನ್ನ ಗಂಡ ಲಿಫ್ಟ್ ರಿಪೇರಿಯವರು. ಮೇಲೆ ಕೆಳಗೆ ಹೋಗುವುದನ್ನು ಬಿಟ್ಟು ಬೇರೆ ವಿಷಯಕ್ಕೆ ತಲೆ ಹಾಕುವವರಲ್ಲ. ಅವರೂ ನಕ್ಕು "ಇಷ್ಟು ವರ್ಷದ ಜಗಳ ಇಲಿ ಬಗೆಹರಿಸ್ತಲ್ಲ" ಅಂದರು. ಪಕ್ಕದಲ್ಲಿ ಕೂತಿದ್ದ ನಾದಿನಿ ಸಣ್ಣಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಅಮ್ಮನ ಮುಖ ನೋಡಿ ಮುಗುಳ್ನಕ್ಕಳು. ಆಗ ಅವಳಿಗೆ ನಾಲ್ಕು ತಿಂಗಳು ತುಂಬಿ ಐದರಲ್ಲಿ ಬಿದ್ದಿತ್ತು. ಹಿಂದೆ ಎರಡು ಸಲ ಬಸಿರಾಗಿ ಇಳಿದುಹೋಗಿತ್ತು, ಎರಡೂ ಸಲ ಇದೇ ಹೊತ್ತಿಗೆ. ಅವಳ ಗಂಡ ಹಡಗಿನ ಕೆಲಸದವನು. ಹೋದರೆ ತಿಂಗಳುಗಟ್ಟಲೆ ಬರುವುದಿಲ್ಲ. ಅದಕ್ಕೇ ಮೂರು ಸಲವೂ ಬಸಿರಾದ ಕೂಡಲೇ ಅವಳನ್ನು ನಮ್ಮ ಮನೆಗೆ ಕರೆತಂದಿದ್ದೆವು.

ಅದಾಗಿ ಸ್ವಲ್ಪ ದಿನಕ್ಕೆ ನಮ್ಮ ಮುಖ್ಯಸ್ಥರ ಹೊಸ ಕೆಲಸ ಶುರುವಾಯಿತು. ಅದಕ್ಕೆ ಬೇಕಾಗಿದ್ದು ಗಬ್ಬದ ಇಲಿಯ ಅಂಗಾಂಶ. ಅಲ್ಲಿಯವರೆಗೆ ನಾನು ಬಳಸುತ್ತಿದ್ದವೆಲ್ಲ ಎಂದೂ ಗಬ್ಬ ಆಗಿರದ ಇಲಿಗಳವು. ಒಂದು ಮಧ್ಯಾಹ್ನ ಕೆಲಸ ಬೇಗ ಮುಗಿದು ಒಂದು ಪಟ್ಟಿ ಮಿಕ್ಕಿತ್ತು. ಫ್ರಿಜ್ಜಿನಲ್ಲಿ ಅತ್ತೆಯ ಪುಡಿಯೂ ಇತ್ತು. ಸುಮ್ಮನೆ ಬಿಸಾಡುವುದೇಕೆ ಎಂದು ಕಷಾಯ ಮಾಡಿ ಹನಿ ಬಿಟ್ಟೆ.

ಗೆರೆ ಏರಿತು.

ನನ್ನ ಕೈ ತಪ್ಪಿರಬೇಕು ಅಂದುಕೊಂಡೆ. ಕೊಳವೆಯ ನೀರು ಚೆಲ್ಲಿ, ಹೊಸ ನೀರು ತುಂಬಿ, ಪಟ್ಟಿ ಸುಧಾರಿಸಿಕೊಳ್ಳುವವರೆಗೆ ಕಾದು ಮತ್ತೆ ಬಿಟ್ಟೆ. ಮತ್ತೆ ಏರಿತು, ಮೊದಲಿಗಿಂತ ಜೋರಾಗಿ, ಹೆರಿಗೆ ನೋವು ಬರಿಸುವ ಹಾರ್ಮೋನು ಹಾಕಿದಾಗ ಏರುತ್ತದಲ್ಲ, ಆ ಥರ. ಬರೀ ಕಾದಾರಿದ ನೀರು ಬಿಟ್ಟು ನೋಡಿದೆ, ಏನೂ ಆಗಲಿಲ್ಲ. ಮಾರನೆಯ ದಿನ ಬೇರೆ ಇಲಿಯ ಪಟ್ಟಿ ಕಟ್ಟಿದೆ. ಅದೂ ಮುಷ್ಟಿ ಬಿಗಿದ ಹಾಗೆ ಬಿಗಿಯಿತು. ಬರಿದಾದ ಗರ್ಭಕೋಶಕ್ಕೆ ಜೋಗುಳ ಹಾಡುವ ಪುಡಿ, ತುಂಬಿದ ಗರ್ಭಕೋಶವನ್ನು ಹಿಂಡುತ್ತಿತ್ತು. ಗಬ್ಬವಾದ ಮೇಲೆ ಆ ಸ್ನಾಯುವಿನ ಸ್ವಭಾವವೇ ಬದಲಾಗುತ್ತದೆ ಎಂದು ನಮಗೆ ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದೂ ಊಟದ ಮೇಜಿನಲ್ಲಿ ಅರ್ಧ ಮಾತು ಆಡಿ ಬಂದಿದ್ದೆ.

ಮುಖ್ಯಸ್ಥರಿಗೆ ತೋರಿಸಿದೆ. ಕನ್ನಡಕ ಹಣೆಗೆ ಏರಿಸಿ ನೋಡಿದರು. "ಆ ಪುಡೀಲಿ ಏನೇನಿದೆ ಅನ್ನೋದೇ ನಮಗೆ ಗೊತ್ತಿಲ್ಲ. ನಾಲ್ಕು ಪಟ್ಟಿ ನೋಡಿ ಏನೂ ಹೇಳಕ್ಕಾಗಲ್ಲ. ಇಲಿ ಬೇರೆ, ಮನುಷ್ಯರು ಬೇರೆ. ಆದ್ರೂ ಬಸುರಿಯರು ಯಾರಾದ್ರೂ ಕುಡೀತಿದ್ರೆ ಮೊದಲು ನಿಲ್ಲಿಸು" ಅಂದರು.

ಬಸ್ಸಿನಲ್ಲಿ ಕೂತಾಗ ನನಗೆ ನಾನೇ ಧೈರ್ಯ ಹೇಳಿಕೊಂಡೆ. ಅದು ಮುಟ್ಟಿನ ನೋವಿನ ಪುಡಿ. ಬಸುರಿ ಮಗಳಿಗೆ ಅತ್ತೆ ಯಾಕೆ ಕೊಡುತ್ತಾರೆ?

ಮನೆಗೆ ಬಂದರೆ ಅತ್ತೆ ಹೊಲಿಗೆ ಕೋಣೆಯಲ್ಲಿ ಸ್ಟವ್ ಮೇಲಿಂದ ಕಷಾಯ ಇಳಿಸುತ್ತಿದ್ದರು. ಸಣ್ಣಿ ಬೆಂಚಿನ ಮೇಲೆ ಒರಗಿದ್ದಳು.

"ಯಾರಿಗೆ ಅತ್ತೆ ಅದು?"

"ಯಾರಿಗೆ ಅಂದ್ರೆ? ನಮ್ಮ ಸಣ್ಣಿಗೆ. ಸಂಜೆ ಆಯ್ತು ಅಂದ್ರೆ ಹೊಟ್ಟೆ ಕಲ್ಲಾಗುತ್ತೆ ಅಂತಾಳೆ. ಮೊದಲಿಂದಾನೂ ಕೊಡ್ತಾನೇ ಇದ್ದೆ, ಬೆಳಿಗ್ಗೆ ಒಂದು ಸಲ. ನೀನು ಸಡಿಲ ಆಗುತ್ತೆ ಅಂದ ಮೇಲೆ ಧೈರ್ಯ ಬಂತು ನೋಡು. ಈಗ ಸಂಜೇನೂ ಕೊಡ್ತೀನಿ, ಪುಡೀನೂ ಸ್ವಲ್ಪ ಜಾಸ್ತಿ."

ಹೊಟ್ಟೆ ಬಿಗಿಯುತ್ತದೆ ಎಂದು ಕಷಾಯ, ಕಷಾಯ ಕುಡಿದದ್ದಕ್ಕೆ ಇನ್ನಷ್ಟು ಬಿಗಿ, ಬಿಗಿಯಿತು ಎಂದು ಇನ್ನಷ್ಟು ಕಷಾಯ. ಅತ್ತೆಯ ಮಾತಿನಲ್ಲಿದ್ದ "ಮೊದಲಿಂದಾನೂ" ಎನ್ನುವುದು ಅಷ್ಟು ಹೊತ್ತಿಗೆ ನನಗೆ ಪೂರ್ತಿ ಅರ್ಥವಾಗಿತ್ತು.

"ಹೋದ ಸಲಗಳಲ್ಲೂ ಕೊಟ್ಟಿದ್ರಾ?" ಎಂದು ಹೇಗೋ ಕೇಳಿದೆ.

"ಕೊಡದೇ ಇರ್ತೀನಾ? ಹೆತ್ತ ತಾಯಿ. ಅವಳ ಹಣೆಬರಹ, ಆದ್ರೂ ನಿಲ್ಲಲಿಲ್ಲ."

ಕಷಾಯದ ಲೋಟ ಸಣ್ಣಿಯ ಕೈಗೆ ಹೋಗುವಷ್ಟರಲ್ಲಿ ನನ್ನ ಚೀಲ ಅದಕ್ಕೆ ತಾಗಿತು. ತಾಗಿತು ಅನ್ನುವುದು ಅತ್ತೆಗೆ ಹೇಳಿದ ಮಾತು. ನಾನೇ ಬೀಸಿ ತಾಗಿಸಿದ್ದೆ. ಕತ್ತರಿಸಿಟ್ಟ ಯೂನಿಫಾರ್ಮ್ ಬಟ್ಟೆಯ ಮೇಲೆಲ್ಲ ಕಂದು ಕಲೆ. ಅತ್ತೆ ತಲೆಯ ಮೇಲೆ ಕೈ ಹೊತ್ತರು. "ಇಲಿ ಮುಟ್ಟುವಾಗ ಇರೋ ಜೋಪಾನ ಮನೇಲಿ ಯಾಕಿರಲ್ಲ ನಿಂಗೆ?" ಎಂದು ಬೈಯುತ್ತಲೇ ಬಟ್ಟೆ ನೆನೆಹಾಕಲು ಓಡಿದರು. ಆ ಸಂಜೆಯ ಮಟ್ಟಿಗೆ ಸಣ್ಣಿ ಪಾರಾದಳು.

ಅವಳ ಪಕ್ಕ ಕೂತೆ. ಹೊಟ್ಟೆ ಮುಟ್ಟಿ ನೋಡಿದೆ, ನಿಜಕ್ಕೂ ಗಟ್ಟಿಯಾಗಿತ್ತು. ನಾಳೆ ಬೆಳಿಗ್ಗೆ ಆಸ್ಪತ್ರೆಗೆ ಹೋಗೋಣ ಅಂದೆ.

"ಏನು ಹೇಳ್ತಾರೆ ಅತ್ತಿಗೆ? ಹುಷಾರಾಗಿರು ಅಂತಾರೆ. ನಾನು ಹುಷಾರಾಗೇ ಇದ್ದೀನಿ. ಮೊದಲ ಸಲ ನಾನು ಸುಮ್ಮನಿರಲಿಲ್ಲ, ಮೆಟ್ಟಿಲು ಹತ್ತಿ ಇಳಿದೆ. ಎರಡನೇ ಸಲ ಇವರು ಫೋನ್ ಮಾಡಿಲ್ಲ ಅಂತ ಅತ್ತೂ ಅತ್ತೂ ಮೈ ಕೆಡಿಸಿಕೊಂಡೆ. ಎರಡೂ ನಾನೇ ಕಳಕೊಂಡಿದ್ದು. ಈ ಸಲ ಮಗ್ಗುಲು ಬದಲಾಯಿಸಕ್ಕೂ ಭಯ. ನಿದ್ದೇನೇ ಬರಲ್ಲ, ನಿದ್ದೇಲಿ ಎಲ್ಲಿ ಬೋರಲು ಮಲಗಿಬಿಡ್ತೀನೋ ಅಂತ."

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಮೆಟ್ಟಿಲು ಹತ್ತಿದ್ದಕ್ಕೆ, ಅತ್ತಿದ್ದಕ್ಕೆ ಯಾರದ್ದೂ ಹೋಗುವುದಿಲ್ಲ ಎಂದು ಗದರಿದೆ. ಅವಳು ಹೂಂ ಅಂದಳು. ನಂಬಲಿಲ್ಲ.

ಗಂಡನಿಗೆ ಅಡುಗೆಮನೆಯಲ್ಲಿ ಪಿಸುಮಾತಿನಲ್ಲಿ ಎಲ್ಲ ಹೇಳಿದೆ. ಅವರು ತೊಳೆಯುತ್ತಿದ್ದ ತಟ್ಟೆಯನ್ನು ಹಾಗೇ ಹಿಡಿದು ನಿಂತರು.

"ಅಮ್ಮನಿಗೆ ಹೇಳಬೇಡ" ಅಂದರು. "ಇದು ಗೊತ್ತಾದ್ರೆ ಅವಳು ಉಳಿಯಲ್ಲ. ಕಷಾಯ ನಿಲ್ಲಬೇಕು ತಾನೆ? ಪುಡೀನ ಬದಲಾಯಿಸಿಬಿಡು. ಕಾರಣ ಹೇಳಬೇಕಾಗೇ ಇಲ್ಲ."

ನಮ್ಮ ಕಸುಬಿನಲ್ಲಿ ಇದು ದಿನಾ ಮಾಡುವ ಕೆಲಸ. ಔಷಧ ಹಾಕುವ ಕೊಳವೆಯ ಪಕ್ಕದಲ್ಲೇ ಔಷಧವಿಲ್ಲದ ನೀರು ಹಾಕುವ ಇನ್ನೊಂದು ಕೊಳವೆ ಇದ್ದೇ ಇರುತ್ತದೆ. ನೋಡಲು ಎರಡೂ ಒಂದೇ. ಡಬ್ಬದ ಪುಡಿಯನ್ನು ಚರಂಡಿಗೆ ಸುರಿದು, ಗೋಧಿಯನ್ನು ಕಂದುಬಣ್ಣ ಬರುವವರೆಗೆ ಹುರಿದು ಪುಡಿ ಮಾಡಿ ತುಂಬಿಟ್ಟೆ. ಬಣ್ಣ ಅದೇ, ನುಣುಪೂ ಅದೇ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಆದರೆ ಅತ್ತೆಗೆ ಒಂದು ಪದ್ಧತಿಯಿದೆ, ನಾನು ಗಮನಿಸಿಯೇ ಇರಲಿಲ್ಲ. ತಮ್ಮ ನಾಲಿಗೆಗೆ ಮುಟ್ಟಿಸದೆ ಯಾರಿಗೂ ಕಷಾಯ ಕೊಡುವುದಿಲ್ಲ. ಬೆಳಿಗ್ಗೆ ನಾನು ಹಲ್ಲುಜ್ಜುತ್ತಿದ್ದಾಗ ಹೊಲಿಗೆ ಕೋಣೆಯಿಂದ ಕೂಗು ಕೇಳಿತು. ಹೋದರೆ ಒಂದು ಕೈಯಲ್ಲಿ ಡಬ್ಬ, ಇನ್ನೊಂದರಲ್ಲಿ ಚಮಚ ಹಿಡಿದು ನಿಂತಿದ್ದರು. ಸಣ್ಣಿ ಒಳಗೆ ಸ್ನಾನಕ್ಕೆ ಹೋಗಿದ್ದಳು.

"ಕಹಿಯೇ ಇಲ್ಲ. ಯಾರು ಮುಟ್ಟಿದ್ದು ಇದನ್ನ?"

"ನಾನೇ ಅತ್ತೆ."

"ನೀನಾ?" ಅವರ ಮುಖ ಕೆಂಪಾಯಿತು. "ನಿಂಗೆ ನನ್ನ ಪುಡಿ ಕಂಡ್ರೆ ಆಗಲ್ಲ, ಸರಿ, ನನ್ನನ್ನ ಏನು ಬೇಕಾದ್ರೂ ಅನ್ನು. ನನ್ನ ಮಗಳ ಬಸಿರಿನ ಜೊತೆ ಆಟ ಆಡ್ತೀಯಾ? ಈ ಸಲವೂ ಹೋಗಲಿ ಅಂತಾನಾ?"

ಆ ಮಾತು ಕೇಳಿದ ಮೇಲೆ ನನಗೆ ತಡೆಯಲಾಗಲಿಲ್ಲ. ಹೋಗಬಾರದು ಅಂತಲೇ ಎಂದು ಕೂಗಿದೆ. ಗಂಡ ಬಾಗಿಲಲ್ಲಿ ನಿಂತು ಬೇಡ ಬೇಡ ಎಂದು ಕಣ್ಸನ್ನೆ ಮಾಡುತ್ತಿದ್ದರು. ಬಾಯಿಂದ ಎಲ್ಲ ಬಂದುಬಿಟ್ಟಿತು: ಗಬ್ಬದ ಇಲಿ, ಏರಿದ ಗೆರೆ, ಬಿಗಿದ ಪಟ್ಟಿ. ಹಿಂದಿನ ಎರಡರ ಮಾತು ನಾನು ಎತ್ತಲಿಲ್ಲ. ಅತ್ತೆಯೂ ಎತ್ತಲಿಲ್ಲ. ಡಬ್ಬದ ಮುಚ್ಚಳ ಮುಚ್ಚಿ, ಮೇಜಿನ ಮೇಲಿಟ್ಟು, ಕುತ್ತಿಗೆಯಲ್ಲಿದ್ದ ಅಳತೆ ಟೇಪು ತೆಗೆದು ಸುತ್ತತೊಡಗಿದರು. ಸುತ್ತಿದ್ದು ಬಿಚ್ಚಿ ಮತ್ತೆ ಸುತ್ತಿದರು.

"ತೋರಿಸು" ಅಂದರು. "ಕಣ್ಣಲ್ಲಿ ನೋಡದೆ ನಾನು ನಂಬಲ್ಲ."

ಅಂದು ಬೆಳಿಗ್ಗೆ ಸಣ್ಣಿಯನ್ನು ಅವಳಣ್ಣನ ಜೊತೆ ಆಸ್ಪತ್ರೆಗೆ ಕಳಿಸಿ, ಅತ್ತೆಯನ್ನು ನಾನು ಕರೆದುಕೊಂಡು ಹೋದೆ. ಮುಖ್ಯಸ್ಥರು ನನ್ನ ಮುಖ ನೋಡಿ ಏನೂ ಕೇಳದೆ ಒಪ್ಪಿದರು. ಅತ್ತೆಗೆ ಹಾಕಿದ ಬಿಳಿ ಕೋಟು ಮೊಣಕಾಲು ದಾಟುತ್ತಿತ್ತು. ತೋಳಿನ ಹೊಲಿಗೆಯನ್ನು ಎಳೆದು ನೋಡಿ "ಯಾರು ಹೊಲಿದಿದ್ದು ಇದನ್ನ, ದಾರಕ್ಕೆ ಬರವಾ?" ಅಂದರು. ಆ ಹೊತ್ತಿನಲ್ಲೂ ನನಗೆ ನಗು ಬಂತು. ಅವರಿಗೆ ಬರಲಿಲ್ಲ.

ಪಟ್ಟಿ ಕಟ್ಟಿ ಕೊಳವೆಗೆ ಇಳಿಸಿದೆ. ಅತ್ತೆ ಮೂಗು ಗಾಜಿಗೆ ತಾಗುವಷ್ಟು ಬಗ್ಗಿ ನೋಡಿದರು. ಗುಳ್ಳೆಗಳ ನಡುವೆ ಅದು ತನ್ನಷ್ಟಕ್ಕೆ ಕುಗ್ಗಿ ಹಿಗ್ಗುತ್ತಿತ್ತು.

"ಜೀವ ಇದೆಯಾ ಇದಕ್ಕೆ?"

"ಇದೆ ಅಂತಾನೂ ಹೇಳಬಹುದು ಅತ್ತೆ, ಇಲ್ಲ ಅಂತಾನೂ."

"ನಿಮ್ಮಂಥ ಓದಿದವರದ್ದು ಯಾವಾಗಲೂ ಹೀಗೇ. ಒಂದು ಮಾತಿಗೆ ನಿಲ್ಲಲ್ಲ."

ಪುಡಿ ಅವರೇ ಮನೆಯಿಂದ ತಂದಿದ್ದರು. ಬೀರುವಿನಲ್ಲಿ ಇನ್ನೊಂದು ಡಬ್ಬ ಇದ್ದದ್ದು ನನಗೆ ಗೊತ್ತೇ ಇರಲಿಲ್ಲ. ಕುದಿಸಿದ್ದೂ ಅವರೇ, ನಾಲಿಗೆಗೆ ಮುಟ್ಟಿಸಿ ನೋಡಿದ್ದೂ ಅವರೇ. ಸೋಸಿ, ಆರಿಸಿ, ನಾನು ಹನಿ ಹೀರುವ ಕೊಳವೆ ಕೈಗೆತ್ತಿಕೊಂಡಾಗ ತಡೆದರು.

"ನೀನು ಹಾಕಿದ್ರೆ ನಿನ್ನ ಕೈಚಳಕ ಅಂತೀನಿ. ಕೊಡಿಲ್ಲಿ, ನಾನೇ ಹಾಕ್ತೀನಿ."

ಒಂದು ಸಲ ತೋರಿಸಿಕೊಟ್ಟೆ, ಸಾಕಾಯಿತು. ಸೂಜಿಗೆ ದಾರ ಪೋಣಿಸುವ ಕೈ ಅದು, ಒಂದಿಷ್ಟೂ ನಡುಗಲಿಲ್ಲ. ಮೊದಲು ಗಬ್ಬವಿಲ್ಲದ ಇಲಿಯ ಪಟ್ಟಿಗೆ ಬಿಟ್ಟರು. ಗೆರೆ ಇಳಿದು ಮಲಗಿತು. ಅತ್ತೆ ನನ್ನ ಕಡೆ ತಿರುಗಿ ನೋಡಿದರು. ಅವರ ಮುಖದಲ್ಲಿ ಆಸೆ ಇತ್ತು. ಆಮೇಲೆ ಪಕ್ಕದ ಕೊಳವೆಯಲ್ಲಿದ್ದ ಗಬ್ಬದ ಇಲಿಯ ಪಟ್ಟಿಗೆ ಬಿಟ್ಟರು. ಒಂದೆರಡು ಉಸಿರಿನಷ್ಟು ಹೊತ್ತು ಏನೂ ಇಲ್ಲ. ನಂತರ ದಾರ ಬಿಗಿಯಿತು, ಗೆರೆ ಎದ್ದಿತು, ಪರದೆಯ ಮೇಲಂಚಿಗೆ ಹೋಗಿ ಅಲ್ಲೇ ನಿಂತಿತು. ಪಟ್ಟಿ ಅರ್ಧಕ್ಕೆ ಕುಗ್ಗಿದ್ದು ಬರಿಗಣ್ಣಿಗೂ ಕಾಣುತ್ತಿತ್ತು.

"ತೊಳಿ. ಇನ್ನೊಂದು ಸಲ" ಅಂದರು.

ತೊಳೆದೆ. ಪಟ್ಟಿ ಸಡಿಲವಾಗುವವರೆಗೆ ಇಬ್ಬರೂ ಕಾದೆವು. ಮತ್ತೆ ಅವರೇ ಹಾಕಿದರು. ಮತ್ತೆ ಹಾಗೇ ಆಯಿತು. ಅತ್ತೆ ಕೈಯಲ್ಲಿದ್ದದ್ದನ್ನು ಮೇಜಿನ ಮೇಲಿಟ್ಟು ಸ್ಟೂಲಿನ ಮೇಲೆ ಕೂತರು.

"ಮೊದಲ ಎರಡೂ ಇದರಿಂದಾನೇ ಹೋಗಿದ್ದಾ?"

ಈ ಪ್ರಶ್ನೆ ಬಂದೇ ಬರುತ್ತದೆ ಎಂದು ಗೊತ್ತಿತ್ತು. ಸುಳ್ಳು ಹೇಳಬೇಕು ಅಂತಲೂ ಬಸ್ಸಿನಲ್ಲಿ ಅಂದುಕೊಂಡಿದ್ದೆ. ಆ ಕೊಳವೆಗಳ ಎದುರಿಗೆ ಕೂತು ಸುಳ್ಳು ಹೇಳಲಾಗಲಿಲ್ಲ.

"ಗೊತ್ತಿಲ್ಲ ಅತ್ತೆ. ಇಲ್ಲಿ ನೇರ ಸ್ನಾಯು ಮೇಲೇ ಬಿಡ್ತೀವಿ. ಕುಡಿದಿದ್ದು ಹೊಟ್ಟೆಗೆ ಹೋಗಿ, ರಕ್ತಕ್ಕೆ ಸೇರಿ, ಅಲ್ಲಿಗೆ ಎಷ್ಟು ಮುಟ್ಟುತ್ತೋ ಯಾರಿಗೂ ಗೊತ್ತಿಲ್ಲ. ಇಲಿ ಬೇರೆ, ಸಣ್ಣಿ ಬೇರೆ. ಬಸಿರು ನಿಲ್ಲದೇ ಇರಕ್ಕೆ ನೂರು ಕಾರಣ ಇರುತ್ತೆ. ಇದರಿಂದಾನೇ ಅಂತ ಹೇಳಕ್ಕಾಗಲ್ಲ."

"ಇದರಿಂದ ಅಲ್ಲ ಅಂತ ಹೇಳಕ್ಕಾಗುತ್ತಾ?"

"ಇಲ್ಲ" ಅಂದೆ.

ಅತ್ತೆ ತಲೆಯಾಡಿಸಿದರು. ಅಳುತ್ತಾರೆ ಅಂದುಕೊಂಡೆ, ಅಳಲಿಲ್ಲ. ಕೋಟು ಬಿಚ್ಚಿ, ಮಡಿಕೆ ಸರಿಮಾಡಿ ಕುರ್ಚಿಯ ಬೆನ್ನಿಗೆ ಹಾಕಿದರು. ಪುಡಿಯ ಡಬ್ಬವನ್ನು ಅಲ್ಲೇ ಬಿಟ್ಟರು. ಬಸ್ಸಿನಲ್ಲಿ ಉದ್ದಕ್ಕೂ ಕಿಟಕಿಯಾಚೆ ನೋಡುತ್ತಿದ್ದರು. ನಾನು ಅವರ ಕೈ ಹಿಡಿದುಕೊಂಡೆ. ಇಷ್ಟು ವರ್ಷದಲ್ಲಿ ಹಾಗೆ ಹಿಡಿದದ್ದು ಅದೇ ಮೊದಲು. ಅವರು ಬಿಡಿಸಿಕೊಳ್ಳಲಿಲ್ಲ.

ಇಳಿಯುವ ಮುಂಚೆ ಹೇಳಿದೆ: "ಸಣ್ಣಿಗೆ ಏನೂ ಹೇಳೋದು ಬೇಡ ಅತ್ತೆ. ಕಷಾಯ ಇನ್ನು ಸಾಕಂತೆ ಅಂತ ಡಾಕ್ಟರ ಹೆಸರಲ್ಲಿ ಹೇಳಿಬಿಡೋಣ. ಹೇಗೂ ಯಾವುದೂ ಖಚಿತ ಇಲ್ಲ."

ಅವರು ಸೆರಗು ಸರಿಮಾಡಿಕೊಂಡು ಇಳಿಯಲು ಎದ್ದರು.

ಆಸ್ಪತ್ರೆಯಲ್ಲಿ ಸದ್ಯಕ್ಕೆ ಮಗು ಚೆನ್ನಾಗಿದೆ, ಬಿಗಿತ ಮಾತ್ರ ಒಳ್ಳೆಯದಲ್ಲ, ಅಲ್ಲಾಡದೆ ಮಲಗಿರಲಿ ಅಂದಿದ್ದರು. ನಾವು ಮನೆ ಮುಟ್ಟುವಷ್ಟರಲ್ಲಿ ಸಣ್ಣಿ ಅಲ್ಲಿಂದ ವಾಪಸಾಗಿ, ತನ್ನ ಕೋಣೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ನಾವು ಒಳಗೆ ಹೋದಾಗ ತಿರುಗದೆಯೇ ಮಾತಾಡಿದಳು.

"ನಾನೇ ಏನೋ ತಪ್ಪು ಮಾಡ್ತಿದ್ದೀನಿ ಅಮ್ಮ. ಮೊನ್ನೆ ಬಟ್ಟೆ ಮಡಚಕ್ಕೆ ಬಗ್ಗಿದ್ದೆ. ಅದಕ್ಕೇ ಇರಬೇಕು. ನನ್ನ ಮೈಗೇ ಮಗು ಇಟ್ಕೊಳ್ಳೋ ಯೋಗ್ಯತೆ ಇಲ್ಲ."

ಅತ್ತೆ ಮಂಚದ ಅಂಚಿಗೆ ಕೂತರು. ಹೊಟ್ಟೆಯ ಮೇಲೆ ಕೈಯಿಟ್ಟರು.

"ನೀನೇನೂ ಮಾಡಿಲ್ಲ ಕಣೇ. ಆಗಲೂ ಮಾಡಿರಲಿಲ್ಲ. ಎರಡೂ ಹೋಗಿದ್ದು ನನ್ನ ಕಷಾಯದಿಂದ. ಕಣ್ಣಾರೆ ನೋಡ್ಕೊಂಡು ಬಂದೆ. ನಾನೇ ಕೈಯಾರೆ ಕುಡಿಸಿದ್ದು."

ನನ್ನ ಬಾಯಿ ತೆರೆದೇ ಬಿಟ್ಟಿತ್ತು. ಹಾಗೆ ಹೇಳಲಾಗದು, ಅದು ಸಾಬೀತಾಗಿಲ್ಲ, ಇಲಿ ಬೇರೆ ಮನುಷ್ಯರು ಬೇರೆ ಎಂದು ನಾಲಿಗೆಯ ತುದಿಯವರೆಗೆ ಬಂದಿತ್ತು. ಅತ್ತೆ ತಲೆಯೆತ್ತಿ ನನ್ನನ್ನು ನೋಡಿದರು. ಅವರಿಗೆ ನಾನು ಹೇಳಿದ್ದು ಒಂದಕ್ಷರವೂ ಮರೆತಿರಲಿಲ್ಲ. ಎಲ್ಲ ಅರ್ಥವಾಗಿಯೇ ಹೀಗೆ ಹೇಳುತ್ತಿದ್ದಾರೆ ಎಂದು ನನಗೆ ತಿಳಿಯಿತು. ಬಾಯಿ ಮುಚ್ಚಿಕೊಂಡೆ.

ಸಣ್ಣಿ ನಿಧಾನವಾಗಿ ಈ ಕಡೆ ತಿರುಗಿದಳು. ಅಮ್ಮನನ್ನೇ ಎಷ್ಟೋ ಹೊತ್ತು ನೋಡಿದಳು. ನನ್ನನ್ನು ಕೇಳಿದಳು: "ಹೌದಾ ಅತ್ತಿಗೆ?"

ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ತಲೆ ತಗ್ಗಿಸಿದೆ. ಅವಳಿಗೆ ಅಷ್ಟು ಸಾಕಾಯಿತು.

"ನಾನು ಅಂದ್ಕೊಂಡಿದ್ದೆ, ಇಷ್ಟು ವರ್ಷ, ನಾನೇ ಅಂತ" ಎಂದು ಶುರುಮಾಡಿದವಳು ದೊಡ್ಡ ದನಿ ತೆಗೆದು ಅತ್ತಳು. ಅಳುತ್ತಲೇ ಅಮ್ಮನ ಕೈಯನ್ನು ತನ್ನ ಹೊಟ್ಟೆಯ ಮೇಲಿಂದ ತೆಗೆದು ಹಾಸಿಗೆಯ ಮೇಲಿಟ್ಟಳು. "ನೀನು ಸ್ವಲ್ಪ ಆಚೆ ಹೋಗಮ್ಮ. ನಿನ್ನ ಮುಖ ನೋಡಕ್ಕಾಗ್ತಿಲ್ಲ ನಂಗೆ."

ಅತ್ತೆ ಎದ್ದು ಹೊಲಿಗೆ ಕೋಣೆಗೆ ಹೋದರು. ನಾನೂ ಹಿಂದೆಯೇ ಹೋದೆ. ಯಂತ್ರದ ಮುಂದೆ ಕೂತು, ಅರ್ಧಕ್ಕೆ ಬಿಟ್ಟಿದ್ದ ಕಾಲರನ್ನು ಸೂಜಿಯಡಿ ಇಟ್ಟರು, ಹೊಲಿಯಲಿಲ್ಲ. ಒಳಗಿನ ಅಳು ಮೆಲ್ಲಗೆ ಕಡಿಮೆಯಾಗಿ ನಿಂತಿತು. ಆಗ ಅವರು ನನ್ನ ಕಡೆ ನೋಡದೆ ಕೇಳಿದರು.

"ಇನ್ನು ಅವಳು ನಿದ್ದೆ ಮಾಡ್ತಾಳೆ, ಅಲ್ವಾ?"

"ಮಾಡ್ತಾಳೆ ಅತ್ತೆ" ಅಂದೆ.